ಹಿಡಿ ಜೋಳದ ಲೆಕ್ಕ

ಮೇ ತಿಂಗಳು ಮುಗಿಯಾಕೆ ಬಂತು ಅಂದ್ರೆ ನಮ್ಮ ಬಿಳಿಚೋಡು ಕಡೆ ಎರಡು ಲೆಕ್ಕ ಒಟ್ಟಿಗೇ ಶುರು ಆಗ್ತಾವೆ. ಒಂದು ಬೀಜ, ಗೊಬ್ಬರದ ಲೆಕ್ಕ. ಇನ್ನೊಂದು ಸ್ಕೂಲಿನ ಲೆಕ್ಕ. ಎರಡಕ್ಕೂ ದುಡ್ಡು ಬೇಕಾಗೋದು ಅದೇ ಹದಿನೈದು ದಿನದಾಗೆ, ಎರಡಕ್ಕೂ ದುಡ್ಡು ಇರೋದು ಅದೇ ಒಂದು ಡಬ್ಬಿಯಾಗೆ. ಮಳೆ ಬಂದ್ರೆ ಬೀಜ ಮೊದ್ಲು. ಬರದಿದ್ರೆ ಸಾಲ ಮೊದ್ಲು. ಜಗಳೂರು ಸೀಮೇಲಿ ಹುಟ್ಟಿದೋರಿಗೆ ಇದನ್ನ ಬಿಡಿಸಿ ಹೇಳೋದು ಬೇಕಿಲ್ಲ.

ಈ ಸಲ ನಮ್ಮಪ್ಪನ ವರ್ಷದ ತಿಥಿ ಜೂನ್ ತಿಂಗಳಿಗೇ ಬಂತು. ಊಟ ಹಾಕ್ಸೋದರ ಜೊತೆಗೆ ಸರ್ಕಾರಿ ಸ್ಕೂಲಿನ ಮಕ್ಕಳಿಗೆ ನೋಟ್ ಬುಕ್ ಕೊಡೋಣ ಅಂತ ಅಂದುಕೊಂಡ್ವಿ. ರೇಟು ಕೇಳಾಕೆ ದಾವಣಗೆರೆಗೆ ಹೋಗಿದ್ದೆ. ಅಂಗಡಿಯೋನು, "ಇಷ್ಟು ತಗೊಂಡ್ರೆ ಮೇಲಿನ ರಟ್ಟಿಗೆ ನಿಮ್ಮ ತಂದೆಯವರ ಫೋಟೋ, ನಿಮ್ಮೆಲ್ಲರ ಹೆಸ್ರು ಪುಕ್ಕಟೆ ಹಾಕ್ಸಿ ಕೊಡ್ತೀನಿ ಸರ್" ಅಂದ. ನನಗೂ ಖುಷಿ ಆತು. ಮನೆಗೆ ಬಂದು ದೊಡ್ಡಕ್ಕನ ಹತ್ರ ಹೇಳಿದೆ. ಅಕ್ಕ ಪಡಸಾಲೆಯಾಗೆ ಕೂತು ಮೊರದಾಗೆ ಜೋಳ ಕೇರ್ತಿದ್ದಳು. ತಲೆ ಎತ್ತದೇನೇ ಕೇಳಿದಳು:

"ಮುಷ್ಟಿ ಗಡಿಗೆ ಮ್ಯಾಲೆ ಅವ್ವ ತನ್ನ ಹೆಸ್ರು ಬರ್ಸಿದ್ಲೇನೋ ತಮ್ಮಾ?"

ಆ ಒಂದು ಮಾತಿಗೆ ನನಗೆ ಉತ್ತರ ಹೊಳೀಲಿಲ್ಲ. ಆವತ್ತಿಂದ ತಲೇಲಿ ಅದೇ ಓಡ್ತಾ ಐತೆ. ಬಡವರ ಮಕ್ಕಳ ಓದಿನ ಖರ್ಚನ್ನ ನಮ್ಮ ನಾಡಿನಾಗೆ ಯಾರು ಯಾರು ಹೊತ್ತರು, ಹೆಂಗೆ ಹೊತ್ತರು ಅಂತ ಕೂತು ನೋಡಿದೆ. ನಮ್ಮ ಮನೆ ಗಡಿಗೆಯಿಂದ ಶುರು ಮಾಡಿದ್ದು ಸಾವಿರ ವರ್ಷ ಹಿಂದಕ್ಕೆ ಹೋತು.

ಮೊದ್ಲು ಗಡಿಗೆ ವಿಷಯ. ನಮ್ಮವ್ವ ದಿನಾ ಬೆಳಿಗ್ಗೆ ಬೀಸಾಕೆ ಜೋಳ ತಗಿಯೋಕೆ ಮುಂಚೆ ಒಂದು ಹಿಡಿ ತೆಗೆದು ಮೂಲೇಲಿದ್ದ ಸಣ್ಣ ಗಡಿಗೆಗೆ ಹಾಕ್ತಿದ್ದಳು. ಅದು ಮನೇದಲ್ಲ. ಎಷ್ಟೇ ಕಷ್ಟ ಬಂದ್ರೂ ಅದಕ್ಕೆ ಕೈ ಹಾಕಂಗಿಲ್ಲ. ತಿಂಗಳಿಗೊಮ್ಮೆ ಹಾಸ್ಟೆಲ್ಲಿಗೆ ಅಂತ ಊರವರು ಗಾಡಿ ಕಟ್ಟಿಕೊಂಡು ಮನೆ ಮನೆ ಮುಂದೆ ಬಂದು ಗಡಿಗೆ ಸುರುವಿಕೊಂಡು ಹೋಗ್ತಿದ್ರು. ಲೆಕ್ಕ ಹಾಕಿ ನೋಡ್ರಿ. ಹೆಣ್ಣುಮಕ್ಕಳ ಕೈಯ ಹಿಡಿ ಅಂದ್ರೆ ಹೆಚ್ಚುಕಮ್ಮಿ 40 ಗ್ರಾಂ. ತಿಂಗಳಿಗೆ ಒಂದು ಕೇಜಿ 200 ಗ್ರಾಂ. ನೂರು ಮನೆ ಊರಾದ್ರೆ 120 ಕೇಜಿ. ಬೆಳೆಯೋ ಹುಡುಗನಿಗೆ ದಿನಕ್ಕೆ ಅರ್ಧ ಕೇಜಿ ಕಾಳು ಬೇಕು ಅಂತ ಹಿಡುದ್ರೂ ನೂರು ಮನೆಯ ಹಿಡಿಯಾಗೆ ಎಂಟು ಹುಡುಗರು ತಿಂಗಳೆಲ್ಲ ಉಣ್ಣಬಹುದು. ಯಾವ ಮನೆಗೂ ಅದು ಭಾರ ಅನ್ಸಲ್ಲ. ಎಂಟು ಮನೆಯ ಮಕ್ಕಳು ಓದ್ತಾವೆ.

ಹಂಗೆ ಓದಿದೋರಾಗೆ ನಮ್ಮಪ್ಪನೂ ಒಬ್ಬ. 1950ರ ಆಸುಪಾಸಿನಾಗೆ ಒಂದು ಟ್ರಂಕು, ಒಂದು ಕಂಬಳಿ, ಅರ್ಧ ಚೀಲ ಜೋಳ ಹೊತ್ಕೊಂಡು ದಾವಣಗೆರೆಯ ಒಂದು ಉಚಿತ ಹಾಸ್ಟೆಲ್ಲಿಗೆ ಸೇರಿದ. ಫೀಸು ಅನ್ನೋದು ಆವಾಗ ಅಂಥಾ ದೊಡ್ಡದೇನಲ್ಲ ಅಂತಿದ್ದ. "ಓದು ಬಿಡ್ಸೋದು ಫೀಸಲ್ಲ ಕಣಪ್ಪ, ಹೊಟ್ಟೆ" ಅಂತ ಅವನ ಮಾತು. ಊರು ಬಿಟ್ಟು ಓದೋ ಹುಡುಗ ಎಲ್ಲಿ ಮಲಗ್ತಾನೆ, ಏನು ಉಣ್ತಾನೆ, ಒಂದು ಜೊತೆ ಬಟ್ಟೆ ಒಗೆದು ಹಾಕಿದ್ರೆ ಒಣಗೋ ತನಕ ಏನು ಉಡ್ತಾನೆ, ಇವೇ ಖರ್ಚು. ಈವತ್ತಿಗೂ ಅಷ್ಟೇ.

ಈ ಮಾತನ್ನ ನಮ್ಮ ಹಿಂದಿನೋರು ಬಾಳ ಹಿಂದೇನೇ ತಿಳಕೊಂಡಿದ್ರು ಅನ್ನಾಕೆ ಕಲ್ಲಿನ ಸಾಕ್ಷಿ ಐತೆ. ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ಸಾಲೋಟಗಿ ಅಂತ ಊರು. ಅಲ್ಲಿ ಸಿಕ್ಕಿರೋ 945ರ ಶಾಸನದಾಗೆ ರಾಷ್ಟ್ರಕೂಟರ ಮೂರನೇ ಕೃಷ್ಣನ ಮಂತ್ರಿ ನಾರಾಯಣ ಅನ್ನೋನು ಕಟ್ಟಿಸಿದ ಪಾಠಶಾಲೆಯ ವಿವರ ಐತೆ. ಬೇರೆ ಬೇರೆ ದೇಶದಿಂದ ಬಂದ ವಿದ್ಯಾರ್ಥಿಗಳು ಇರಾಕೆ 27 ಮನೆ, ಖರ್ಚಿಗೆ ಭೂಮಿ, ದೀಪದ ಎಣ್ಣೆಗೆ ಅಂತಲೇ ಬೇರೆ ಭೂಮಿ. ನನಗೆ ಬಾಳ ಹಿಡಿಸಿದ್ದು ಅದಲ್ಲ. ಮಂತ್ರಿ ಕೊಟ್ಟಿದ್ದು ಸಾಲದು ಅಂತ ಊರಿನೋರು ತಮ್ಮ ಮೇಲೆ ತಾವೇ ಒಂದು ಕಟ್ಟಳೆ ಹಾಕ್ಕೊಂಡ್ರು. ಮದುವೆ ಆದ್ರೆ ಪಾಠಶಾಲೆಗೆ 5 ನಾಣ್ಯ, ಉಪನಯನಕ್ಕೆ ಎರಡೂವರೆ, ಚೌಲಕ್ಕೆ ಒಂದೂಕಾಲು. ಮನೇಲಿ ಸಂತೋಷ ಆದಾಗ, ಕೈಯಾಗೆ ದುಡ್ಡು ಆಡೋ ಹೊತ್ನಾಗೆ, ಓದೋ ಮಕ್ಕಳ ಪಾಲು ತೆಗೆದಿಡೋದು. ಅಲ್ಲಿ ಓದ್ತಿದ್ದಿದ್ದು ಬ್ರಾಹ್ಮಣರ ಹುಡುಗರು ಮಾತ್ರ ಅನ್ನೋದೂ ನಿಜ, ಅದನ್ನ ಮುಚ್ಚಿಡಬಾರದು. ಆದ್ರೆ ಉಪಾಯ ನೋಡ್ರಿ, ಸಾವಿರ ವರ್ಷ ಹಳೇದು.

ನಮಗೆ ಹತ್ರದ್ದು ಬೇಕು ಅಂದ್ರೆ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ. ಅಲ್ಲಿನ ಕೋಡಿಯಮಠದ 1162ರ ಶಾಸನದಾಗೆ ವೇದ, ವ್ಯಾಕರಣ, ತರ್ಕ ಓದೋ ಜಾಗ ಅಂತಲೂ ಐತೆ, ದೀನರಿಗೆ, ಅನಾಥರಿಗೆ, ಕುಂಟರು ಕುರುಡರಿಗೆ ಅನ್ನ ಹಾಕೋ ಜಾಗ ಅಂತಲೂ ಐತೆ, ರೋಗಿಗಳಿಗೆ ಔಷಧ ಕೊಡೋ ಜಾಗ ಅಂತಲೂ ಐತೆ. ಪಾಠ, ಅನ್ನ, ಮದ್ದು ಮೂರನ್ನೂ ಒಂದೇ ಸೂರಿನಡಿ ಹೇಳಿರೋದು.

ಆಮೇಲಿನ ಕಾಲಕ್ಕೆ ಬಂದ್ರೆ ವಾರಾನ್ನ. ಹಿಂದಿನ ತಲೆಮಾರಿನ ಎಷ್ಟೋ ದೊಡ್ಡ ಮನುಷ್ಯರ ಜೀವನಚರಿತ್ರೆಯಾಗೆ ಈ ಮಾತು ಬರ್ತದೆ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಏಳು ಮನೆ ಒಪ್ಪಿದ್ರೆ ಹುಡುಗ ಪಾಸು. ಆರೇ ಮನೆ ಸಿಕ್ಕರೆ ಒಂದು ದಿನ ಉಪವಾಸ. ಉಣ್ಣೋ ಹುಡುಗನಿಗೆ ಏಳು ಮನೆಯ ಏಳು ಥರದ ಮುಖ ನೋಡ್ಬೇಕಾಗ್ತಿತ್ತು. ಒಂದು ಮನೇಲಿ ಪ್ರೀತಿ, ಇನ್ನೊಂದು ಮನೇಲಿ ಹಿತ್ಲ ಕಡೆ ಎಲೆ. ಅನ್ನದ ಜೊತೆಗೆ ಋಣನೂ ಬಡಿಸ್ತಿದ್ರು.

ಉಚಿತ ಪ್ರಸಾದ ನಿಲಯಗಳು ಬಂದು ಬದಲು ಮಾಡಿದ್ದು ಇದನ್ನೇ ಅಂತ ನನಗೆ ಅನ್ಸೋದು. 20ನೇ ಶತಮಾನದ ಮೊದಲರ್ಧದಾಗೆ ಚಿತ್ರದುರ್ಗದ ಮುರುಘಾಮಠದ ಜಯದೇವ ಸ್ವಾಮಿಗಳು ಊರೂರು ತಿರುಗಿ ಭಕ್ತರು ಕೊಟ್ಟ ಕಾಣಿಕೆನ ವಿದ್ಯಾರ್ಥಿನಿಲಯಗಳಿಗೆ ಹಾಕಿದ್ರು. ತುಮಕೂರಿನ ಸಿದ್ಧಗಂಗೆಯಾಗೆ 1917ರಲ್ಲಿ ಸಂಸ್ಕೃತ ಪಾಠಶಾಲೆ ಶುರುವಾತು. 1941ರಿಂದ ಮಠದ ಹೊಣೆ ಹೊತ್ತ ಶಿವಕುಮಾರ ಸ್ವಾಮಿಗಳು 2019ರಲ್ಲಿ ಲಿಂಗೈಕ್ಯರಾಗೋ ಹೊತ್ತಿಗೆ ಅಲ್ಲಿ ಸುಮಾರು 10,000 ಮಕ್ಕಳು, ಯಾವ ಜಾತಿ ಯಾವ ಧರ್ಮ ಅಂತ ಕೇಳದೆ, ಉಂಡು ಓದ್ತಿದ್ರು. ರಾಗಿ, ಅಕ್ಕಿ, ಬೇಳೆ, ತರಕಾರಿ ಎಲ್ಲಾ ರೈತರ ಗಾಡಿಯಾಗೇ ಬರೋದು. ನಮ್ಮ ಕಡೆಗೆ ಸಿರಿಗೆರೆ ಮಠದ ಸ್ಕೂಲು, ಹಾಸ್ಟೆಲ್ಲು. ಆ ಮಠದ ತರಳಬಾಳು ಹುಣ್ಣಿಮೆ ಮಹೋತ್ಸವ ಊರಿಂದೂರಿಗೆ ಹೋಗೋಕೆ ಶುರುವಾಗಿದ್ದು 1950ರಲ್ಲಿ ನಮ್ಮ ಜಗಳೂರಿಂದಲೇ. ನಮ್ಮಪ್ಪ ಅಜ್ಜನ ಹೆಗಲ ಮೇಲಲ್ಲದಿದ್ರೂ ಅಜ್ಜನ ಗಾಡೀಲಿ ಕೂತು ಹೋಗಿ ಅದನ್ನ ನೋಡಿ ಬಂದಿದ್ದನಂತೆ.

ಹಾಸ್ಟೆಲ್ಲಿನಾಗೆ ಹುಡುಗ ಯಾರ ಮನೆ ಅನ್ನ ಉಣ್ತಿದ್ದಾನೆ ಅಂತ ಅವನಿಗೆ ಗೊತ್ತಾಗ್ತಿರಲಿಲ್ಲ. ನೂರು ಮನೆಯ ಜೋಳ ಒಂದೇ ಕಣಜದಾಗೆ ಸೇರಿ, ಬೀಸಿ, ಮುದ್ದೆಯೋ ರೊಟ್ಟಿಯೋ ಆಗಿ ತಟ್ಟೆಗೆ ಬರೋದು. ಯಾರ ಮುಂದೂ ಕೈ ಒಡ್ಡಿದಂಗೆ ಆಗ್ತಿರಲಿಲ್ಲ. ನಮ್ಮಪ್ಪ ದೊಡ್ಡೋನಾದ ಮೇಲೆ ಯಾರ ಮನೆ ಮುಂದೂ ತಲೆ ತಗ್ಗಿಸಿ ನಿಲ್ಲಲಿಲ್ಲ. ಯಾಕಂದ್ರೆ ಯಾರಿಗೆ ತಗ್ಗಿಸಬೇಕು ಅಂತ ಅವನಿಗೆ ಗೊತ್ತೇ ಇರಲಿಲ್ಲ.

ಇನ್ನು ವ್ಯಾಪಾರಸ್ಥರು. ಬೆಂಗಳೂರಿನ ರೈಲ್ವೆ ಸ್ಟೇಷನ್ ಮುಂದೆ ತೋಟದಪ್ಪನವರ ಛತ್ರ ಯಾರಿಗೆ ಗೊತ್ತಿಲ್ಲ? ವ್ಯಾಪಾರ ಮಾಡಿ ಗಳಿಸಿದ ಗುಬ್ಬಿ ತೋಟದಪ್ಪನವರು 1903ರಲ್ಲಿ ಛತ್ರ ತೆರೆದ್ರು. 1910ರಲ್ಲಿ ಅವರು ಹೋದ್ರೂ ಅವರ ಧರ್ಮಸಂಸ್ಥೆ ಛತ್ರದ ಜೊತೆಗೆ ಉಚಿತ ವಿದ್ಯಾರ್ಥಿನಿಲಯನೂ ನಡೆಸ್ಕೊಂಡು ಬಂತು. ಅದಕ್ಕೂ ಉತ್ತರಕ್ಕೆ, ಸಿರಸಂಗಿ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಆಸ್ತಿನೇ ಮಕ್ಕಳ ಓದಿಗೆ ಬರೆದಿಟ್ಟು 1906ರಲ್ಲಿ ತೀರಿಕೊಂಡ್ರು. ಆ ಟ್ರಸ್ಟಿನ ದುಡ್ಡಿನಾಗೆ ಓದಿದೋರು ಎಷ್ಟೋ ಜನ.

ನಮ್ಮ ದಾವಣಗೆರೆಯಾಗೆ ಕಾಲೇಜುಗಳ ಹೆಸರೇ ವ್ಯಾಪಾರದ ಚರಿತ್ರೆ ಹೇಳ್ತಾವೆ. ಹುಡುಗರು ದಿನಾ "ಬಿಡಿಟಿ, ಬಿಡಿಟಿ" ಅಂತಾರಲ್ಲ, 1951ರಲ್ಲಿ ಶುರುವಾದ ಆ ಇಂಜಿನಿಯರಿಂಗ್ ಕಾಲೇಜು, ಅದು ಬ್ರಹ್ಮಪ್ಪ ದೇವೇಂದ್ರಪ್ಪ ತವನಪ್ಪನವರ್ ಅನ್ನೋ ದಾನಿಯ ಹೆಸ್ರು. ಡಿಆರ್‌ಎಂ ಅಂದ್ರೆ ಧರ್ಮಪ್ರಕಾಶ ರಾಜನಹಳ್ಳಿ ಮದ್ದೂರಾಯಪ್ಪ. ಹತ್ತಿ, ಶೇಂಗಾ, ಎಣ್ಣೆ, ಬಟ್ಟೆ ವ್ಯಾಪಾರದಾಗೆ ಬೆಳೆದ ಊರು ಅದು. ಮೂರು ಅಕ್ಷರದಾಗೆ ಆ ಹಿರೀಕರ ಹೆಸ್ರು ಮುಚ್ಚಿ ಹೋಗೈತೆ.

ಇಲ್ಲೊಂದು ಮಾತು ಹೇಳ್ಬೇಕು. ಅಪ್ಪನ ಟ್ರಂಕಿನಾಗೆ ನಮ್ಮಜ್ಜನ ಕಾಲದ ಒಂದು ಮಂಡಿ ಚೀಟಿ ಸಿಕ್ತು. ಶೇಂಗಾ ಚೀಲದ ಲೆಕ್ಕ. ದಲ್ಲಾಲಿ ಇಷ್ಟು, ಹಮಾಲಿ ಇಷ್ಟು, ತೂಕದೋನಿಗೆ ಇಷ್ಟು, ಕೊನೇಲಿ "ಧರ್ಮ" ಅಂತ ಒಂದಿಷ್ಟು ಆಣೆ ಮುರಕೊಂಡಿದ್ರು. ಇದು ನಮ್ಮಜ್ಜನಿಗೆ ಮಾತ್ರ ಆಗಿದ್ದಲ್ಲ. ದೇಶದ ಮಾರುಕಟ್ಟೆಗಳಲ್ಲೆಲ್ಲ ಆ ವಾಡಿಕೆ ಇತ್ತು. ರೈತನ ದುಡ್ಡಿನಾಗೆ ಹಿಂಗೆ ಧರ್ಮದ ಹೆಸರಿನಾಗೆ ಮುರಕೊಳ್ಳೋದನ್ನ 1928ರ ರಾಯಲ್ ಕೃಷಿ ಆಯೋಗನೂ ಎತ್ತಿ ತೋರಿಸಿತ್ತು. ನಿಯಂತ್ರಿತ ಮಾರುಕಟ್ಟೆಗಳು, ಆಮೇಲೆ 1966ರ ಎಪಿಎಂಸಿ ಕಾಯ್ದೆ ಬಂದ ಮೇಲೆ ಇಂಥ ಕಡಿತಗಳಿಗೆ ಲಗಾಮು ಬಿತ್ತು. ಆ ದುಡ್ಡಿನಾಗೆ ಛತ್ರ, ಗುಡಿ, ಗೋಶಾಲೆ, ಸ್ಕೂಲು ನಡೆದಿದ್ದೂ ಉಂಟು, ಎಲ್ಲಿಗೆ ಹೋತು ಅಂತ ಯಾರೂ ಕೇಳದೇ ಹೋಗಿದ್ದೂ ಉಂಟು. ಕೈಯಿಂದ ಕೊಟ್ಟ ದಾನಿಗಳನ್ನ ನಾನು ಸಣ್ಣೋರು ಮಾಡ್ತಿಲ್ಲ. ಆದ್ರೆ ಸಾವ್ಕಾರ್ರ ದಾನ ಅಂತ ನಾವು ಕೈ ಮುಗಿಯೋದರಾಗೆ ಹೆಸರಿಲ್ಲದ ರೈತನ ಆಣೆನೂ ಸೇರಿರ್ತದೆ ಅನ್ನೋದನ್ನ ಆ ಚೀಟಿ ನನಗೆ ಕಲಿಸ್ತು.

ಈಗ ಯಾರಿಗೆ ಸಿಗಲಿಲ್ಲ ಅನ್ನೋ ಲೆಕ್ಕ. ಇದನ್ನ ಬರೀದಿದ್ರೆ ಮೇಲಿಂದೆಲ್ಲ ಬರೀ ಹೊಗಳಿಕೆ ಆಗ್ತದೆ.

ಬಾಳ ಹಾಸ್ಟೆಲ್ಲುಗಳು ಜಾತಿ ಮೇಲೆ ನಡೆದ್ವು. 1904ರಲ್ಲಿ ವೀರಶೈವ ಮಹಾಸಭೆ, 1906ರಲ್ಲಿ ಒಕ್ಕಲಿಗರ ಸಂಘ, ಹಿಂಗೆ ಒಂದೊಂದು ಸಮಾಜ ತಮ್ಮ ಮಕ್ಕಳಿಗೆ ತಾವು ದಾರಿ ಮಾಡ್ಕೊಂಡ್ರು. ಅದರಿಂದ ಒಳ್ಳೇದಾತು. ಆದ್ರೆ ಯಾವ ಸಮಾಜದ ಕೈಯಾಗೆ ಹಿಡಿ ಜೋಳನೂ ಮಿಗ್ತಿರಲಿಲ್ಲವೋ ಅವರ ಮಕ್ಕಳಿಗೆ ಯಾರು? ಮೈಸೂರು ಸರ್ಕಾರ ದಲಿತ ಮಕ್ಕಳಿಗೆ ಎಲ್ಲಾ ಸರ್ಕಾರಿ ಸ್ಕೂಲಿನ ಬಾಗಿಲು ತೆಗೀಬೇಕು ಅಂತ ಆರ್ಡರ್ ಮಾಡಿದ್ದೇ 1915ರಲ್ಲಿ. ಅದಕ್ಕೂ ಮುಂಚೆ 1892ರಲ್ಲಿ ಮಂಗಳೂರಿನಾಗೆ ಕುದ್ಮುಲ್ ರಂಗರಾಯರು ಆ ಮಕ್ಕಳಿಗೆ ಸ್ಕೂಲು ತೆರೆದು ತಮ್ಮ ಜಾತಿಯೋರಿಂದ ಬಹಿಷ್ಕಾರ ಹಾಕಿಸ್ಕೊಂಡ್ರು. ನಮ್ಮಪ್ಪನ ಜೊತೆಗೆ ಮಿಡ್ಲ್ ಸ್ಕೂಲು ಓದಿದ ಊರಾಚೆ ಕೇರಿಯ ಒಬ್ಬ ಗೆಳೆಯ ಇದ್ದ. ಲೆಕ್ಕದಾಗೆ ನನಗಿಂತ ಚುರುಕು ಅಂತ ಅಪ್ಪನೇ ಹೇಳ್ತಿದ್ದ. ಅಪ್ಪ ಟ್ರಂಕು ಹೊತ್ಕೊಂಡು ದಾವಣಗೆರೆಗೆ ಹೋದ, ಅವನು ಯಾರದೋ ಹೊಲದಾಗೆ ಜೀತಕ್ಕೆ ಹೋದ. 1970ರ ದಶಕದಾಗೆ ದೇವರಾಜ ಅರಸರ ಕಾಲಕ್ಕೆ ಸರ್ಕಾರಿ ಹಾಸ್ಟೆಲ್ಲುಗಳು ಹೆಚ್ಚಾಗೋ ಹೊತ್ತಿಗೆ ಆ ಗೆಳೆಯನ ಮಕ್ಕಳು ದೊಡ್ಡೋರಾಗಿದ್ರು. ಮೊಮ್ಮಗ ಹಾಸ್ಟೆಲ್ಲಿನಾಗೆ ಓದಿ ಮೇಷ್ಟ್ರಾದ.

ಇನ್ನೊಂದು ನಮ್ಮ ಮನೇದೇ. ದೊಡ್ಡಕ್ಕ 1973ರಲ್ಲಿ ಏಳನೇ ಕ್ಲಾಸ್ ಪಬ್ಲಿಕ್ ಪರೀಕ್ಷೆ ಪಾಸ್ ಮಾಡಿದಳು. ನಮ್ಮ ಹಳ್ಳಿಯಿಂದ ಮುಂದೆ ಓದಾಕೆ ಹೊರಗೇ ಹೋಗ್ಬೇಕು. ಅಪ್ಪ ಓದಿದ್ದ ಹಾಸ್ಟೆಲ್ಲು ಗಂಡುಹುಡುಗರದ್ದು. ಹೆಣ್ಣುಮಕ್ಕಳಿಗೆ ಅಂಥಾದ್ದು ನಮ್ಮ ಕೈಗೆ ಎಟಕೋ ಹಂಗೆ ಇರಲಿಲ್ಲ. ಬಾಡಿಗೆ ರೂಮು ಮಾಡಿ ಇಡಾಕೆ ದುಡ್ಡೂ ಇರಲಿಲ್ಲ, ಧೈರ್ಯನೂ ಇರಲಿಲ್ಲ. ಅಕ್ಕ ಮನೇಲಿ ಉಳಿದಳು. ಆವತ್ತಿಂದ ಮುಷ್ಟಿ ಗಡಿಗೆಗೆ ಜೋಳ ಹಾಕೋ ಕೆಲಸ ಅವ್ವನಿಂದ ಅಕ್ಕನ ಕೈಗೆ ಬಂತು. ಬ್ಯಾರೆಯೋರ ಗಂಡುಹುಡುಗರು ಓದ್ಲಿ ಅಂತ ದಿನಾ ಒಂದು ಹಿಡಿ.

"ಸಿಟ್ಟು ಬರ್ತಿರಲಿಲ್ಲೇನಕ್ಕಾ?" ಅಂತ ಮೊನ್ನೆ ಕೇಳಿದೆ.

"ಬರ್ತಿತ್ತು. ಬಂದ ದಿನ ಹಿಡಿ ಸಣ್ಣದಾಗ್ತಿತ್ತು, ಅಷ್ಟೇ" ಅಂದು ನಕ್ಕಳು. ನನಗೆ ನಗು ಬರಲಿಲ್ಲ. ಮುಂದೆ ನಾನು ಓದಿದ್ದು ಅದೇ ಥರದ ಹಾಸ್ಟೆಲ್ಲಿನಾಗೆ.

ನನ್ನ ಕಾಲಕ್ಕೆ ಇನ್ನೊಂದು ತಿರುವು ಬಂತು. ದಾನದಿಂದ ಎದ್ದ ಎಷ್ಟೋ ಕಡೆ ಡೊನೇಷನ್ ಅನ್ನೋ ಮಾತು ಉಲ್ಟಾ ಆತು. ಮೊದ್ಲು ಉಳ್ಳೋರು ಸ್ಕೂಲಿಗೆ ಕೊಡೋದು ಡೊನೇಷನ್ ಆಗಿತ್ತು, ಆಮೇಲೆ ಸೀಟಿಗೆ ತಂದೆತಾಯಿ ಕಟ್ಟೋದು ಡೊನೇಷನ್ ಆತು. ಅದನ್ನ ತಡೆಯಾಕೆ 1984ರಲ್ಲಿ ಕರ್ನಾಟಕ ಸರ್ಕಾರ ಕಾಯ್ದೆನೇ ಮಾಡ್ಬೇಕಾತು.

ಸರ್ಕಾರನೂ ಸುಮ್ನೆ ಕೂರಲಿಲ್ಲ ಅನ್ನಿ. ಪುಸ್ತಕ, ಯೂನಿಫಾರಂ ಬಂತು. 2002ರಲ್ಲಿ ಮಧ್ಯಾಹ್ನದ ಬಿಸಿಯೂಟ ಬಂತು, ಅದಕ್ಕೆ ಇಟ್ಟ ಹೆಸ್ರು ಅಕ್ಷರ ದಾಸೋಹ. ದಾಸೋಹ ಅನ್ನೋ ಮಾತು ಎಲ್ಲಿಂದ ಬಂತು ಅಂತ ನಿಮಗೆ ಹೇಳ್ಬೇಕಿಲ್ಲ. 2006-07ರಲ್ಲಿ ಎಂಟನೇ ಕ್ಲಾಸಿನ ಹೆಣ್ಣುಮಕ್ಕಳಿಗೆ ಸೈಕಲ್ ಬಂತು. ಹೊಸ ಸೈಕಲ್ ಮೇಲೆ ಹುಡುಗೀರು ಸಾಲಾಗಿ ಹೋಗೋದನ್ನ ಅಕ್ಕ ಬಾಗಿಲಾಗೆ ನಿಂತು ನೋಡ್ತಿದ್ದಳು. 2013ರಲ್ಲಿ ಹಾಲು. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಫ್ರೀ. ನಮ್ಮ ಕಡೆ ಪ್ರೈವೇಟ್ ಬಸ್ಸೇ ಜಾಸ್ತಿ, ಅದ್ರಾಗೆ ಅದು ನಡೆಯಲ್ಲ, ಆದ್ರೂ ಸರ್ಕಾರಿ ಬಸ್ಸು ಸಿಕ್ಕ ದಿನ ಅಷ್ಟು ದುಡ್ಡು ಉಳೀತು.

ಕಂಪನಿಗಳಿಗೂ ಕಾನೂನು ಬಂತು. 2013ರ ಕಂಪನಿ ಕಾಯ್ದೆ ಪ್ರಕಾರ, 2014ರ ಏಪ್ರಿಲ್‌ನಿಂದ, ವರ್ಷಕ್ಕೆ 5 ಕೋಟಿ ಲಾಭ ಇರೋ ಕಂಪನಿ, ಇಲ್ಲಾ 1,000 ಕೋಟಿ ವಹಿವಾಟು, 500 ಕೋಟಿ ಆಸ್ತಿ ಇರೋ ಕಂಪನಿ, ಮೂರು ವರ್ಷದ ಸರಾಸರಿ ಲಾಭದಾಗೆ ನೂರಕ್ಕೆ 2 ರೂಪಾಯಿ ಸಮಾಜಕ್ಕೆ ಖರ್ಚು ಮಾಡ್ಬೇಕು. ಓದೂ ಅದರಾಗೆ ಸೇರೈತೆ. ಆದ್ರೆ ಕಂಪನಿ ಇರೋ ಸುತ್ತಮುತ್ತಲಿಗೆ ಮೊದಲ ಆದ್ಯತೆ ಅಂತಲೂ ಅದೇ ಕಾಯ್ದೆ ಹೇಳ್ತದೆ. ಕಂಪನಿ ಇರೋ ಊರಿಗೆ ಬೆಂಚು, ಕಂಪ್ಯೂಟರ್ ಬರ್ತಾವೆ. ಮಳೆ ನೆಚ್ಚಿಕೊಂಡಿರೋ ನಮ್ಮಂಥ ತಾಲ್ಲೂಕಿಗೆ? ಎಲ್ಲಾರಿಗೂ ಮುಟ್ಟೋ ಹಂಗೆ ಮಾಡಿದ್ದೂ ಉಂಟು. ಅಜೀಂ ಪ್ರೇಮ್‌ಜಿ ಫೌಂಡೇಶನ್ 2024ರಲ್ಲಿ ಮೂರು ವರ್ಷಕ್ಕೆ ಸುಮಾರು 1,500 ಕೋಟಿ ಕೊಡೋಕೆ ಒಪ್ಪಿದ ಮೇಲೆ ಸರ್ಕಾರಿ ಸ್ಕೂಲಿನ ಮಕ್ಕಳಿಗೆ ವಾರಕ್ಕೆ ಆರು ದಿನ ಮೊಟ್ಟೆ ಸಿಗೋ ಹಂಗಾತು. ದೊಡ್ಡ ದುಡ್ಡು ಅದು. ಅದಕ್ಕೆ ಸಮ ತೂಗೋ ಇನ್ನೊಂದು ಮಂಗಳೂರಿನಾಗೆ ಐತೆ. ಬುಟ್ಟೀಲಿ ಕಿತ್ತಳೆ ಮಾರಿ ಹರೇಕಳ ಹಾಜಬ್ಬ ತಮ್ಮೂರಿಗೆ ಸ್ಕೂಲು ತಂದ್ರು. 2020ರಲ್ಲಿ ಪದ್ಮಶ್ರೀ ಬಂತು. ಅವರೇ ಸ್ಕೂಲಿನ ಮೆಟ್ಟಿಲು ಹತ್ತಿದೋರಲ್ಲ.

ಇಷ್ಟೆಲ್ಲ ಆದ್ಮೇಲೂ ಉಳಿಯೋ ಖರ್ಚು ಯಾವುದು? ನಮ್ಮ ಸ್ಕೂಲಿನ ಮೇಷ್ಟ್ರನ್ನ ಕೇಳಿದೆ. "ನೋಟ್ ಬುಕ್ ಈಗ ಮೂರು ಕಡೆಯಿಂದ ಬರ್ತಾವೆ ಸರ್" ಅಂದ್ರು. "ಜೂನ್ ತಿಂಗಳಾಗೆ ಎಲ್ಲಾರೂ ಕೊಡ್ತಾರೆ, ಫೋಟೋ ತಗಸ್ಕೋತಾರೆ. ನವೆಂಬರ್‌ನಾಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಫೀಸು ಕಟ್ಟೋ ಹೊತ್ತಿಗೆ ಯಾರೂ ಇರಲ್ಲ. ಪಾಸಾದ ಹುಡುಗಿ ಪಿಯುಸಿಗೆ ಸೇರೋ ವಾರ ಮನೇಲಿ ದುಡ್ಡಿಲ್ಲ ಅಂತ ಹೇಳಾಕೂ ನಾಚಿಕೆ. ಬಿಟ್ಟೇ ಬಿಡ್ತಾವೆ." ಕೊಟ್ಟಿದ್ದನ್ನ ಸಾಲಾಗಿ ನಿಲ್ಲಿಸಿ ಕೊಡೋವಾಗ ದೊಡ್ಡ ಕ್ಲಾಸಿನ ಮಕ್ಕಳು ತಲೆ ತಗ್ಗಿಸಿ ಹಿಂದೆ ಸರೀತಾವೆ ಅಂತಲೂ ಹೇಳಿದ್ರು. ವಾರಾನ್ನದ ಹಿತ್ಲ ಎಲೆ ನನಗೆ ನೆನಪಾತು.

ಮನೆಗೆ ಬಂದು ಅಕ್ಕನಿಗೆ ಎಲ್ಲಾ ಹೇಳಿದೆ. ಅವಳು ಒಂದು ಸ್ಟೀಲ್ ಡಬ್ಬಿ ತಂದು ದೇವರ ಮನೆ ಪಕ್ಕಕ್ಕೆ ಇಟ್ಟಳು. ಈಗ ಜೋಳ ಯಾರಿಗೂ ಬೇಡ, ದಿನಾ ಹತ್ತು ರೂಪಾಯಿ ಅಂದಳು. ವರ್ಷಕ್ಕೆ 3,650. ಅವಳ ಸ್ತ್ರೀಶಕ್ತಿ ಸಂಘದ ಇನ್ನೂ ಐದು ಮನೆ ಒಪ್ಪಿದಾವೆ. ಆರು ಮನೆ ಸೇರಿದ್ರೆ 21,900. ದುಡ್ಡು ಮೇಷ್ಟ್ರ ಕೈಗೆ, ನವೆಂಬರ್‌ನಾಗೆ ಒಂದಿಷ್ಟು, ಮೇ ತಿಂಗಳ ಕೊನೇಲಿ ಉಳಿದಿದ್ದು. ಯಾವ ಮಗುವಿಗೆ ಅಂತ ನಾವು ಕೇಳಂಗಿಲ್ಲ, ಯಾರು ಕೊಟ್ರು ಅಂತ ಅವರು ಹೇಳಂಗಿಲ್ಲ. ಅಕ್ಕ ಹಾಕಿದ್ದು ಒಂದೇ ಕಟ್ಟಳೆ: ಮೊದ್ಲು ಹೆಣ್ಣುಮಕ್ಕಳು, ಆಮೇಲೆ ಉಳಿದೋರು.

ನೋಟ್ ಬುಕ್ಕಿನ ಅಂಗಡಿಯೋನಿಗೆ ಫೋನ್ ಮಾಡಿ ಬ್ಯಾಡ ಅಂದೆ. ಅಪ್ಪನ ಫೋಟೋ ಗ್ವಾಡೆ ಮೇಲೇ ಐತೆ. ತಿಥಿ ದಿನ ಹಾರ ಹಾಕಿ, ಎಡೆ ಇಟ್ಟು, ಡಬ್ಬಿಗೆ ಮೊದಲ ನೋಟು ಅಕ್ಕನ ಕೈಲೇ ಹಾಕ್ಸಿದ್ವಿ. ಅವಳು ನೋಟಿನ ಜೊತೆಗೆ ಒಂದು ಹಿಡಿ ಜೋಳನೂ ಹಾಕಿದಳು. ಯಾಕೆ ಅಂತ ನಾನು ಕೇಳಲಿಲ್ಲ. ಹಿಡಿ ದೊಡ್ಡದೇ ಇತ್ತು.